ನೋಟ ಮೊದಲಾಗುವ ಬಗೆ



ದೃಷ್ಟಿ ಗ್ರಹಿಕೆಯ ಮನೋವೈಜ್ಞಾನಿಕ ಸಿದ್ಧಾಂತಗಳ ಬಗ್ಗೆ ಮಾತಾಡಬೇಕೆಂದು ನನಗೆ ಹೇಳಿದ್ದೀರಿ. ಸಿದ್ಧಾಂತಗಳನ್ನೆಲ್ಲ ಒಂದೊಂದಾಗಿ ವಿವರಿಸುವ ಬದಲು ಒಂದೇ ಪ್ರಶ್ನೆಯ ಬೆನ್ನು ಹತ್ತುತ್ತೇನೆ. ಡಬ್ಲಿನ್ನಿನ ವಿಲಿಯಂ ಮಾಲಿನೂ 1688ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಬರೆದ ಪ್ರಶ್ನೆ ಅದು. ಹುಟ್ಟುಕುರುಡನೊಬ್ಬ ಗೋಲವನ್ನೂ ಘನವನ್ನೂ ಮುಟ್ಟಿ ಗುರುತಿಸಬಲ್ಲ. ಅವನಿಗೆ ಇದ್ದಕ್ಕಿದ್ದಂತೆ ಕಣ್ಣು ಬಂದರೆ, ಮುಟ್ಟದೆ ನೋಡಿಯೇ ಯಾವುದು ಯಾವುದೆಂದು ಹೇಳಬಲ್ಲನೆ? ಮಾಲಿನೂ ಪತ್ನಿ ಮದುವೆಯಾದ ಸ್ವಲ್ಪ ದಿನಕ್ಕೇ ದೃಷ್ಟಿ ಕಳೆದುಕೊಂಡಿದ್ದರು. ಆದ್ದರಿಂದ ಈ ಪ್ರಶ್ನೆಯನ್ನು ಬರೀ ತರ್ಕದ ಕಸರತ್ತು ಎನ್ನಲು ನನಗೆ ಮನಸ್ಸು ಬಾರದು.

ಹೇಳಲಾರ ಎಂದರು ಲಾಕ್. ಹತ್ತೊಂಬತ್ತನೇ ಶತಮಾನದಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಇದೇ ಒಲವಿಗೆ ವಿಜ್ಞಾನದ ಬಲ ಕೊಟ್ಟರು. ಅಕ್ಷಿಪಟಲದ ಮೇಲೆ ಬೀಳುವ ಚಿತ್ರ ಚಪ್ಪಟೆ. ಹತ್ತಿರದ ಸಣ್ಣ ವಸ್ತುವೂ ದೂರದ ದೊಡ್ಡ ವಸ್ತುವೂ ಅಲ್ಲಿ ಒಂದೇ ಅಳತೆಯ ಗುರುತು ಮೂಡಿಸಬಹುದು. ಹಾಗಿದ್ದೂ ನಾವು ತಡವರಿಸುವುದಿಲ್ಲ. ಏಕೆಂದರೆ ಹಿಂದಿನ ಅನುಭವವನ್ನು ಆಧರಿಸಿ ಮನಸ್ಸು ನಮಗೇ ಅರಿವಿಲ್ಲದಂತೆ ತೀರ್ಮಾನ ಮಾಡುತ್ತದೆ ಎಂಬುದು ಅವರ ವಾದ. ಬ್ರಿಟನ್ನಿನ ರಿಚರ್ಡ್ ಗ್ರೆಗರಿ ಇಪ್ಪತ್ತನೇ ಶತಮಾನದಲ್ಲಿ ಇದನ್ನೇ ಬೆಳೆಸಿದರು. ತುದಿಗಳಲ್ಲಿ ಬಾಣದ ಗುರುತಿರುವ ಎರಡು ಸಮ ಗೆರೆಗಳು ಉದ್ದಗಿಡ್ಡ ಕಾಣುವ ಮ್ಯೂಲರ್–ಲೈಯರ್ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಚೌಕಾಕಾರದ ಕೋಣೆಗಳ ಮೂಲೆಗಳನ್ನು ನೋಡಿ ನೋಡಿ ರೂಢಿಯಾದ ದೂರದ ಲೆಕ್ಕಾಚಾರ ಇಲ್ಲಿ ದಾರಿ ತಪ್ಪುತ್ತದೆ ಎಂದು ಗ್ರೆಗರಿ ವಿವರಿಸಿದರು.

ಗೆಸ್ಟಾಲ್ಟ್ ಪಂಥದವರು ಇದನ್ನು ಒಪ್ಪಲಿಲ್ಲ. 1912ರಲ್ಲಿ ಮ್ಯಾಕ್ಸ್ ವರ್ತೈಮರ್ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ಕಡೆ ಒಂದರ ಹಿಂದೊಂದು ಬೇಗ ಬೇಗ ಮಿನುಗಿದ ಗೆರೆಗಳು ಒಂದೇ ಗೆರೆ ಚಲಿಸಿದಂತೆ ಕಂಡವು. ಬಿಡಿ ಬಿಡಿ ಸಂವೇದನೆಗಳನ್ನು ಕೂಡಿಸಿ ನೋಟವನ್ನು ಕಟ್ಟುವುದಿಲ್ಲ, ಇಡಿಯೇ ಮೊದಲು ಎಂದರು ಅವರು. ಹತ್ತಿರ ಇರುವುದು, ಒಂದನ್ನೊಂದು ಹೋಲುವುದು, ನಯವಾಗಿ ಮುಂದುವರಿಯುವುದು, ಒಟ್ಟಿಗೆ ಚಲಿಸುವುದು: ಇವನ್ನು ಮನಸ್ಸು ಒಂದೇ ವಸ್ತುವಾಗಿ ಕಾಣುತ್ತದೆ, ಅದಕ್ಕೆ ಕಲಿಕೆ ಬೇಕಿಲ್ಲ.

ಅಮೆರಿಕದ ಜೇಮ್ಸ್ ಗಿಬ್ಸನ್ ಜಗಳದ ಬುಡವನ್ನೇ ಅಲುಗಾಡಿಸಿದರು. ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ದೃಷ್ಟಿಯನ್ನು ಅಭ್ಯಾಸ ಮಾಡಿದ್ದ ಅವರಿಗೆ ಸ್ಥಿರ ಚಿತ್ರದಿಂದ ಆರಂಭಿಸುವುದೇ ತಪ್ಪೆನಿಸಿತು. ವಿಮಾನ ಇಳಿಯುವಾಗ ನೆಲ ಒಂದು ಬಿಂದುವಿನಿಂದ ಸುತ್ತಲೂ ಹರಡಿಕೊಳ್ಳುವಂತೆ ಕಾಣುತ್ತದೆ. ತಾನು ಎತ್ತ ಸಾಗುತ್ತಿದ್ದೇನೆಂದು ಆ ಹರಿವೇ ಪೈಲಟ್‌ಗೆ ತಿಳಿಸುತ್ತದೆ. ನಡೆದಾಡುವ ಪ್ರಾಣಿಗೆ ಬೇಕಾದ ಮಾಹಿತಿ ಬೆಳಕಿನಲ್ಲೇ ಇದೆ, ಊಹೆಯ ಹಂಗಿಲ್ಲ ಎಂಬುದು 1979ರ ಅವರ ಕೊನೆಯ ಪುಸ್ತಕದ ನಿಲುವು.

ಈ ಮೂರೂ ಕಡೆಯವರು ನಂಬಿಕೊಂಡದ್ದು ಬಹುಮಟ್ಟಿಗೆ ಬಾಲ್ಯದಿಂದ ನೋಡುತ್ತ ಬೆಳೆದವರನ್ನು. ನನಗೆ ದೊಡ್ಡ ಕೊರತೆಯಾಗಿ ಕಾಣುವುದು ಇದೇ. ಕಲಿತದ್ದೋ ಹುಟ್ಟಿನಿಂದ ಬಂದದ್ದೋ ಎಂಬುದನ್ನು, ಈಗಾಗಲೇ ಕಲಿತು ಮುಗಿಸಿದವರಿಂದ ತಿಳಿಯುವುದು ಹೇಗೆ? ಪೊರೆ ತೆಗೆಸಿಕೊಂಡ ಎಲ್ಲರೂ ಇದಕ್ಕೆ ಉತ್ತರ ಹೇಳಲಾರರು. ನಮ್ಮ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ನೇತ್ರ ಶಿಬಿರ ನಡೆಸಿ ಬೆಳಕು ಕೊಟ್ಟ ವೃದ್ಧರು ಒಮ್ಮೆ ನೋಡಿ ಬಲ್ಲವರು. ಬೇಕಾಗಿದ್ದದ್ದು ಪೊರೆಯೊಂದಿಗೇ ಹುಟ್ಟಿ, ಬೆಳೆದ ಮೇಲೆ ದೃಷ್ಟಿ ಪಡೆದವರು.

ಅಂಥ ಮಕ್ಕಳು ನಮ್ಮ ದೇಶದಲ್ಲೇ ಇದ್ದರು. ದೆಹಲಿಯಲ್ಲಿ ಓದಿ ಎಂಐಟಿ ಸೇರಿದ ಪವನ್ ಸಿನ್ಹಾ 2005ರ ಸುಮಾರಿಗೆ ‘ಪ್ರಾಜೆಕ್ಟ್ ಪ್ರಕಾಶ್’ ಆರಂಭಿಸಿದರು. ಹಳ್ಳಿಗಳಲ್ಲಿ ಇಂಥ ಮಕ್ಕಳನ್ನು ಹುಡುಕಿ ದೆಹಲಿಯ ಡಾ. ಶ್ರಾಫ್ಸ್ ಕಣ್ಣಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಕೊಡಿಸಿ, ಒಪ್ಪಿಗೆಯಿದ್ದವರ ನೋಟವನ್ನು ಅಭ್ಯಾಸ ಮಾಡುವುದು ಅದರ ಕೆಲಸ.

ಮಾಲಿನೂ ಪ್ರಶ್ನೆಗೆ ಉತ್ತರ ಬಂದದ್ದು 2011ರಲ್ಲಿ. 8ರಿಂದ 17 ವರ್ಷದ ಐದು ಮಂದಿ. ಶಸ್ತ್ರಚಿಕಿತ್ಸೆಯಾಗಿ ಎರಡು ದಿನದೊಳಗಿನ ಪರೀಕ್ಷೆ. ಆಟಿಕೆಯಂಥ ಬ್ಲಾಕೊಂದನ್ನು ಮಗು ಕಣ್ಣಿಗೆ ಕಾಣದಂತೆ ಸವರಿ ನೋಡುತ್ತದೆ, ಆಮೇಲೆ ಎರಡನ್ನು ಎದುರಿಗಿಟ್ಟು ಯಾವುದೆಂದು ಕೇಳುತ್ತಾರೆ. ಮುಟ್ಟಿದ್ದನ್ನು ಮುಟ್ಟಿಯೇ ಗುರುತಿಸುವಾಗ ಸರಿಯುತ್ತರ ಶೇ. 98, ಕಂಡದ್ದನ್ನು ಕಂಡು ಗುರುತಿಸುವಾಗ ಶೇ. 92. ಮುಟ್ಟಿದ್ದನ್ನು ಕಂಡು ಗುರುತಿಸುವಾಗ ಮಾತ್ರ ಶೇ. 58, ಅಂದರೆ ಕುರುಡು ಊಹೆಗಿಂತ ಸ್ವಲ್ಪವೇ ಮೇಲು. ಲಾಕ್ ಹೇಳಿದ್ದು ಸರಿ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕೆಲವೇ ದಿನ ಬಿಟ್ಟು ಮತ್ತೆ ಪರೀಕ್ಷಿಸಿದಾಗ, ವಿಶೇಷ ತರಬೇತಿಯೇನೂ ಇಲ್ಲದೆ, ಮಕ್ಕಳು ಚೆನ್ನಾಗಿಯೇ ಹೊಂದಿಸಿದರು.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೇರೊಂದು ಫಲಿತಾಂಶ. ಹೊಸದಾಗಿ ನೋಟ ಬಂದವರಿಗೆ ಒಂದರ ಮೇಲೊಂದು ಅರ್ಧ ಕವಿದ ವೃತ್ತ, ಚೌಕಗಳ ಚಿತ್ರ ತೋರಿಸಿದರೆ, ಇರುವುದು ಎರಡಲ್ಲ ಮೂರು ಎನ್ನುತ್ತಿದ್ದರು. ನಡುವಿನ ಕವಿದ ತುಂಡೂ ಅವರಿಗೆ ಬೇರೆಯೇ ವಸ್ತು. ಬಣ್ಣ ಬದಲಾದಲ್ಲೆಲ್ಲ ಜಗತ್ತು ಚೂರು ಚೂರು. ಅದೇ ಆಕೃತಿಗಳನ್ನು ಚಲಿಸುವಂತೆ ಮಾಡಿದಾಗ ಒಟ್ಟಿಗೆ ಸಾಗುವ ಭಾಗಗಳು ಕೂಡಿಕೊಂಡವು. ನಿಂತ ಚಿತ್ರದಲ್ಲಿ ಇಡಿ ತಾನಾಗಿ ಒದಗುತ್ತದೆಂದ ಗೆಸ್ಟಾಲ್ಟ್ ಪಂಥಕ್ಕೆ ಇದು ಪೆಟ್ಟು. ಅವರದೇ ‘ಒಟ್ಟಿಗೆ ಚಲಿಸುವುದು’ ಎಂಬ ನಿಯಮಕ್ಕೆ ಮತ್ತು ಚಲನೆಯನ್ನೇ ಮುಂದಿಟ್ಟ ಗಿಬ್ಸನ್ನರಿಗೆ ಬೆಂಬಲ.

2015ರ ಫಲಿತಾಂಶ ಕಲಿಕೆಯ ಪಕ್ಷವನ್ನೂ ಕೆಣಕಿತು. ಆಗಷ್ಟೇ ದೃಷ್ಟಿ ಬಂದ ಒಂಬತ್ತು ಮಕ್ಕಳಿಗೆ ಮ್ಯೂಲರ್–ಲೈಯರ್ ಚಿತ್ರ ತೋರಿಸಿದರೆ, ಅವರೂ ನಮ್ಮಂತೆಯೇ ಮೋಸಹೋದರು. ಕೋಣೆಯ ಮೂಲೆಗಳನ್ನು ಕಂಡೇ ಇರದ ಕಣ್ಣಿಗೆ ಆ ರೂಢಿ ಎಲ್ಲಿಂದ ಬರಬೇಕು?

ಸಿದ್ಧಾಂತಗಳ ಜಗಳವೆಂದು ಇದನ್ನು ಬದಿಗಿಡುವಂತಿಲ್ಲ. ಬೆಕ್ಕಿನ ಮರಿಗಳ ಕಣ್ಣು ಮುಚ್ಚಿಟ್ಟು ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ನಡೆಸಿದ ಪ್ರಯೋಗಗಳು ಎಳವೆಯ ನಿರ್ಣಾಯಕ ಅವಧಿಯನ್ನು ತೋರಿಸಿದವು. 1981ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಆ ಅವಧಿ ದಾಟಿದ ಮಗುವಿಗೆ ಪೊರೆ ತೆಗೆದರೂ ಪ್ರಯೋಜನವಿಲ್ಲ ಎಂಬ ಮಾತು ಅದರ ಬೆನ್ನಿಗೇ ಗಟ್ಟಿಯಾಯಿತು. ಬಡ ತಂದೆತಾಯಿಗೆ ಆ ಮಾತೇ ಕೊನೆಯ ತೀರ್ಪಾಗುತ್ತಿತ್ತು. ಹನ್ನೆರಡು ವರ್ಷದ ಮಗುವೂ ನೋಡಲು ಕಲಿಯಬಲ್ಲದೆಂದು ಪ್ರಕಾಶದ ಮಕ್ಕಳು ತೋರಿಸಿಕೊಟ್ಟಿದ್ದಾರೆ.

ಎಲ್ಲವೂ ಮರಳುವುದಿಲ್ಲ, ನಿಜ. ಸೂಕ್ಷ್ಮ ವಿವರ ಕಾಣುವ ಶಕ್ತಿ ಇವರಲ್ಲಿ ಸಾಮಾನ್ಯರಿಗಿಂತ ಕಡಿಮೆಯೇ ಉಳಿಯುತ್ತದೆ. ಆದ್ದರಿಂದ ಹುಟ್ಟಿದ ಕೂಡಲೇ ಪರೀಕ್ಷಿಸಿ ಎಳವೆಯಲ್ಲೇ ಪೊರೆ ತೆಗೆಯುವುದಕ್ಕೆ ಸಮನಾದದ್ದಿಲ್ಲ. ಮಂದ ಛಾಯೆಗಳ ವ್ಯತ್ಯಾಸ ಗುರುತಿಸುವ ಶಕ್ತಿ ಮಾತ್ರ, ತಡವಾಗಿ ಚಿಕಿತ್ಸೆ ಪಡೆದ ಕೆಲವರಲ್ಲಿ, ಕಣ್ಣು ಬಂದ ತಿಂಗಳುಗಳ ನಂತರವೂ ಗಣನೀಯವಾಗಿ ಏರಿತು, ಕೆಲವರಲ್ಲಿ ಏರಲಿಲ್ಲ. ಹದಿಹರೆಯದ ಮಿದುಳಿನಲ್ಲಿ ಯಾವುದು ಆ ಬಾಗಿಲನ್ನು ತೆರೆದಿಡುತ್ತದೆಂಬುದು ಈಗ ಮನೋವಿಜ್ಞಾನದ ಮುಂದಿರುವ ಕೆಲಸ.