ಕರ್ವಾಲೋ ತಂಡ ಮತ್ತು ನಮ್ಮ ಕಾಡಿನ ದಾಖಲಾತಿ



ಹೊರಜಗತ್ತಿನ ನಂಟು ಕಡಿದ ಸಣ್ಣ ಗುಂಪಿನಲ್ಲಿ ಯಾರ ಮಾತು ನಡೆಯುತ್ತದೆ? ಇದನ್ನು ಕೇಳಲು ವೈಜ್ಞಾನಿಕ ಕಥೆಗಳು ಸಾಮಾನ್ಯವಾಗಿ ಅಂತರಿಕ್ಷ ನೌಕೆಯನ್ನೇರುತ್ತವೆ. 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಘಟ್ಟದ ಕಾಡನ್ನು ಹೊಕ್ಕಿತು. ಯುಗಾಂತರಗಳ ಹಿಂದಿನ ಹಾರುವ ಓತಿಯನ್ನು ಅರಸಿ ಹೊರಟ ಆ ತಂಡದಲ್ಲಿ ನಮ್ಮ ಬ್ರಹ್ಮಾವರದಲ್ಲಿರುವಂತಹುದೇ ಕೃಷಿ ಸಂಶೋಧನಾ ಕೇಂದ್ರವೊಂದರ ವಿಜ್ಞಾನಿಯಿದ್ದಾರೆ, ಛಾಯಾಗ್ರಾಹಕನಿದ್ದಾನೆ, ಮರ ಹತ್ತುವುದರಲ್ಲೂ ಬಿರಿಯಾನಿ ಬೇಯಿಸುವುದರಲ್ಲೂ ನಿಸ್ಸೀಮನಾದ ಕರಿಯಪ್ಪನಿದ್ದಾನೆ; ಜವಾನನ ಕೆಲಸ ಸಿಕ್ಕಿದರೆ ಸಾಕೆನ್ನುವ ಮಂದಣ್ಣನೂ ಇದ್ದಾನೆ. ಊರಿನಲ್ಲಿ ಇವರು ಒಂದೇ ಪಂಕ್ತಿಯಲ್ಲಿ ಕೂರುವವರಲ್ಲ. ಕಾಡಿನಲ್ಲೂ ಗೊಣಗಾಟ, ಅನುಮಾನಗಳು ತಪ್ಪಿದ್ದಲ್ಲ. ಆದರೆ ಓತಿಯನ್ನು ಮೊದಲು ಕಂಡ ಕಣ್ಣು ಮಂದಣ್ಣನದು; ಕರ್ವಾಲೋ ಆ ಕಣ್ಣನ್ನು ನಂಬಿ ನಡೆಯುತ್ತಾರೆ. ಇದನ್ನು ಔದಾರ್ಯವೆಂದು ನಾನು ಕರೆಯಲಾರೆ. ಅವರಿಗೆ ಬೇರೆ ದಾರಿಯಿರಲಿಲ್ಲ.

ಕಥೆಯ ಓತಿ ಕಲ್ಪನೆಯದು. ಅದರ ನಿಜವಾದ ಬಂಧು ಘಟ್ಟದ ಬುಡದ ಅಡಿಕೆ ತೋಟಗಳಲ್ಲಿ ಇಂದಿಗೂ ಮರದಿಂದ ಮರಕ್ಕೆ ತೇಲುತ್ತದೆ. ಇಂತಹ ಜೀವಿಗಳನ್ನೂ ಅವುಗಳ ಬಗೆಗಿನ ಅರಿವನ್ನೂ ಬರೆದಿಡಲು 2002ರ ಜೀವವೈವಿಧ್ಯ ಕಾಯಿದೆ ಇದೆ. ಅದರಂತೆ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು. ಅದು ಸ್ಥಳೀಯರೊಡನೆ ಕೂಡಿ ಜನತಾ ದಾಖಲಾತಿಯನ್ನು ಸಿದ್ಧಪಡಿಸಬೇಕು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಕಾಡುಬಳ್ಳಿಯಿಂದ ಬುಟ್ಟಿ ಹೆಣೆಯುವ ಕೊರಗರಿದ್ದಾರೆ, ಕಾಡಂಚಿನ ಕುಡುಬಿಯರಿದ್ದಾರೆ. ಅವರು ಸಮಿತಿಯ ಕುರ್ಚಿಯಲ್ಲಿ ಕೂರುವವರೋ, ದಾರಿ ತೋರಿಸಿ ಬಾಗಿಲ ಹೊರಗೆ ನಿಲ್ಲುವವರೋ? ಮುಂದಿನ ಸಭೆಗೆ ಬರುವಾಗ ನಿಮ್ಮ ನಿಮ್ಮ ಪಂಚಾಯತಿಯ ದಾಖಲಾತಿಯ ಪ್ರತಿಯನ್ನು ದಯವಿಟ್ಟು ತನ್ನಿ. ಮಾಹಿತಿ ಕೊಟ್ಟವರ ಹೆಸರಿನ ಪುಟವನ್ನೇ ಮೊದಲು ತೆರೆಯೋಣ.