ಅದುಮಿದ ಅಕ್ಷರ ಬೇಡ, ಅಳತೆಯ ಅಕ್ಷರ ಬೇಕು



ನಾನು ಪ್ರೆಸ್ಸಿನವನು, ಅಕ್ಷರದ ಮಾತನ್ನೇ ಆಡುತ್ತೇನೆ. 'ಚಿಕ್ಕೋಡಿ', 'ನಿಪ್ಪಾಣಿ' ಎಂದು ಬರೆದು ನೋಡಿ. ಕನ್ನಡ ಅಕ್ಷರ ದುಂಡಗೆ, ಅಗಲ. ಒತ್ತು ಕೆಳಗೆ ಇಳಿಯುತ್ತದೆ. ಬೋರ್ಡಿನಲ್ಲಿ ಜಾಗ ಸಾಲದಿದ್ದರೆ ಕಂಪ್ಯೂಟರಿನಲ್ಲಿ ಎರಡೂ ಬದಿಯಿಂದ ಅದುಮುತ್ತಾರೆ. ಆಗ ನಿಂತ ಗೆರೆ ಸೊರಗುತ್ತದೆ, ಅಡ್ಡಗೆರೆ ದಪ್ಪವಾಗಿಯೇ ಉಳಿಯುತ್ತದೆ, ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ದೂರದಿಂದ ಊರ ಹೆಸರೇ ಓದಲಿಕ್ಕಾಗದು!

ನಿಜವಾದ ಕಂಡೆನ್ಸ್ಡ್ ಅಕ್ಷರ ಅದುಮಿದ್ದಲ್ಲ. ಗೆರೆಯ ದಪ್ಪ, ಒಳಗಿನ ಬಯಲು ಎರಡನ್ನೂ ಕಾಯ್ದುಕೊಂಡು ಕಿರಿದಾಗಿಯೇ ಬರೆದದ್ದು. ಮುಂಬಯಿಯ ಏಕ್ ಟೈಪ್ ಸಂಸ್ಥೆಯ 'ಅನೇಕ್ ಕನ್ನಡ'ದಲ್ಲಿ 2022ರಿಂದ ಅದು ಪುಕ್ಕಟೆ ಸಿಗುತ್ತಿದೆ.

2024ರ ತಿದ್ದುಪಡಿ ಕಾನೂನು ಬೋರ್ಡಿನಲ್ಲಿ ಶೇ. 60 ಕನ್ನಡ ಕೇಳುತ್ತದೆ. ರಾಯಬಾಗ, ಅಥಣಿ, ಕಾಗವಾಡದ ಅಂಗಡಿಕಾರರೇ, ಜಾಗ ಕೊಟ್ಟರಷ್ಟೇ ಸಾಲದು, ಓದಲಿಕ್ಕೂ ಬರಬೇಕು. ಒತ್ತಿಗೆ ಕೆಳಗೆ ಜಾಗ ಬಿಡಿಸಿರಿ. ಅದುಮಿದ ಕನ್ನಡ ತಂದರೆ ಹಣ ಕೊಡಬೇಡಿರಿ, ತಿದ್ದಿಸಿರಿ!