ಪದವಿ ಪ್ರಬಂಧ ಕಾಲುವೆಯಾದಾಗ

ಜಪಾನಿನ ಬಿವಾ ಸರೋವರದಿಂದ ಕ್ಯೋಟೋ ನಗರಕ್ಕೆ ನೀರು ತರುವ ಕಾಲುವೆಯನ್ನು ಕಟ್ಟಿಸುವ ತಾಂತ್ರಿಕ ಹೊಣೆ 1883ರಲ್ಲಿ ಆಗತಾನೇ ಕಾಲೇಜು ಮುಗಿಸಿದ್ದ 21 ವರ್ಷದ ತಾನಾಬೆ ಸಾಕುರೋ ಎಂಬ ತರುಣನ ಪಾಲಿಗೆ ಬಂದಿತು; ಏಕೆಂದರೆ ಅವನ ಪದವಿ ಪ್ರಬಂಧದ ವಿಷಯವೇ ಆ ಕಾಲುವೆಯಾಗಿತ್ತು. ಬೆಟ್ಟ ಕೊರೆದು ಸುರಂಗ ತೋಡಬೇಕಾದ ಇಂಥ ಕಾಮಗಾರಿಯನ್ನು ವಿದೇಶಿ ತಜ್ಞರಿಗೆ ಒಪ್ಪಿಸುವುದು ಆ ಕಾಲದ ಜಪಾನಿನಲ್ಲಿ ವಾಡಿಕೆಯಾಗಿದ್ದಾಗ, ವಿದ್ಯಾರ್ಥಿಯೊಬ್ಬನ ಬರಹವನ್ನು ನಂಬಿ ಒಂದು ನಗರ ತನ್ನ ಭವಿಷ್ಯವನ್ನೇ ಪಣಕ್ಕಿಟ್ಟದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿರುವುದು ಅವನು ಓದಿದ ಕಾಲೇಜಿನ ಪಠ್ಯಕ್ರಮದಲ್ಲಿ. ಇಂದು 'ಸ್ಯಾಂಡ್‌ವಿಚ್ ಕೋರ್ಸ್' ಎಂದು ಕರೆಯಲಾಗುವ, ಓದಿನ ನಡುವೆ ಕಾರ್ಖಾನೆಯ ಅಥವಾ ಕಾಮಗಾರಿಯ ಅನುಭವವನ್ನು ಕಡ್ಡಾಯಗೊಳಿಸುವ ಎಂಜಿನಿಯರಿಂಗ್ ಪದವಿಯ ಇತಿಹಾಸವನ್ನು ಹೇಳಹೊರಟರೆ ಮತ್ತೆ ಮತ್ತೆ ಈ ತರುಣನ ಬಳಿಗೇ ಬರಬೇಕಾಗುತ್ತದೆ.

ಮೊದಲಿಗೆ ಪದದ ಅರ್ಥ. ಎರಡು ಬ್ರೆಡ್ ಹೋಳುಗಳ ನಡುವೆ ಪಲ್ಯ ಇರುವಂತೆ ತರಗತಿಯ ಎರಡು ಅವಧಿಗಳ ನಡುವೆ ಕೆಲಸದ ಅವಧಿ ಇರುವುದರಿಂದ ಈ ಹೆಸರು ಬಂದಿದೆ. ಇಡೀ ಒಂದು ವರ್ಷವನ್ನು ಒಟ್ಟಾಗಿ ಕಾರ್ಖಾನೆಯಲ್ಲಿ ಕಳೆಯುವ ವ್ಯವಸ್ಥೆಯನ್ನು ಬ್ರಿಟನ್ನಿನಲ್ಲಿ 'ದಪ್ಪ' ಸ್ಯಾಂಡ್‌ವಿಚ್ ಎಂದೂ, ಆರಾರು ತಿಂಗಳಿಗೆ ಕಾಲೇಜು ಮತ್ತು ಕಾರ್ಖಾನೆಗಳು ಬದಲಾಗುವ ವ್ಯವಸ್ಥೆಯನ್ನು 'ತೆಳು' ಸ್ಯಾಂಡ್‌ವಿಚ್ ಎಂದೂ ಕರೆಯುತ್ತಾರೆ. ಇದರ ಆರಂಭವನ್ನು ಸಾಮಾನ್ಯವಾಗಿ 1903ರ ಸಂಡರ್‌ಲ್ಯಾಂಡ್ ಟೆಕ್ನಿಕಲ್ ಕಾಲೇಜಿನಿಂದ ಗುರುತಿಸುವ ರೂಢಿಯಿದೆ. ಆದರೆ ತಾನಾಬೆ ಪದವಿ ಪಡೆದದ್ದು ಅದಕ್ಕಿಂತ 20 ವರ್ಷ ಮೊದಲೇ ಎಂಬುದನ್ನು ನೆನಪಿಟ್ಟುಕೊಂಡರೆ ಈ ರೂಢಿ ಎಷ್ಟು ಅಪೂರ್ಣವೆಂಬುದು ತಾನಾಗಿಯೇ ತಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಎಂಜಿನಿಯರನನ್ನು ರೂಪಿಸುವ ಎರಡು ದಾರಿಗಳು ಒಂದನ್ನೊಂದು ಒಪ್ಪದೆ ನಿಂತಿದ್ದವು. ಫ್ರಾನ್ಸಿನಲ್ಲಿ ಗಣಿತ ಮತ್ತು ಭೌತವಿಜ್ಞಾನವನ್ನು ಆಳವಾಗಿ ಕಲಿಸುವ ಶಾಲೆಗಳಿದ್ದರೆ, ಬ್ರಿಟನ್ನಿನಲ್ಲಿ ಹುಡುಗನೊಬ್ಬ ಯಜಮಾನನ ಕೈಕೆಳಗೆ ಅಪ್ರೆಂಟಿಸ್ ಆಗಿ ಸೇರಿ, ಅಂದರೆ ಕೆಲಸ ಮಾಡುತ್ತಲೇ ಕೆಲಸ ಕಲಿತು, ಪುಸ್ತಕವನ್ನು ಹೆಚ್ಚಾಗಿ ಮುಟ್ಟದೆಯೇ ಎಂಜಿನಿಯರ್ ಎನಿಸಿಕೊಳ್ಳುತ್ತಿದ್ದ. ಸ್ಕಾಟ್ಲೆಂಡಿನ ಹೆನ್ರಿ ಡೈಯರ್ ಎರಡನ್ನೂ ತನ್ನ ಮೈಮೇಲೆ ಅನುಭವಿಸಿದವನು: ಹಗಲು ಗ್ಲಾಸ್ಗೋದ ಎರಕದ ಕಾರ್ಖಾನೆಯಲ್ಲಿ ದುಡಿದು, ಸಂಜೆ ಆ್ಯಂಡರ್ಸನ್ ಕಾಲೇಜಿನ ತರಗತಿಗಳಲ್ಲಿ ಕುಳಿತು, ಅನಂತರವಷ್ಟೇ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟವನು. ಅದೇ ಸಂಜೆ ತರಗತಿಗಳಿಗೆ ನೇಪಿಯರ್ ಹಡಗುಕಟ್ಟೆಯಲ್ಲಿ ಹಗಲು ದುಡಿಯುತ್ತಿದ್ದ ಜಪಾನೀ ಯುವಕನೊಬ್ಬನೂ ಬರುತ್ತಿದ್ದನು. ದೇಶ ಬಿಟ್ಟು ಹೋಗುವುದಕ್ಕೆ ಮರಣದಂಡನೆಯಿದ್ದ ಕಾಲದಲ್ಲಿ, 1863ರಲ್ಲಿ, ನಾಲ್ವರು ಸಂಗಡಿಗರೊಂದಿಗೆ ಗುಟ್ಟಾಗಿ ಹಡಗು ಹತ್ತಿ ಬಂದಿದ್ದ ಆತನ ಹೆಸರು ಯಾಮಾವೋ ಯೋಜೋ. ಆ ಸಂಗಡಿಗರಲ್ಲಿ ಒಬ್ಬನಾದ ಇತೋ ಹಿರೊಬುಮಿ ಮುಂದೆ ಜಪಾನಿನ ಮೊದಲ ಪ್ರಧಾನಿಯಾದನು. ಕೆಲವೇ ವರ್ಷಗಳಲ್ಲಿ ಯಾಮಾವೋ ತನ್ನ ದೇಶದ ಲೋಕೋಪಯೋಗಿ ಇಲಾಖೆಯ ಉನ್ನತ ಅಧಿಕಾರಿಯಾದನು, ಮತ್ತು ಆ ಇಲಾಖೆ ಟೋಕಿಯೋದಲ್ಲಿ ತೆರೆದ ಎಂಜಿನಿಯರಿಂಗ್ ಕಾಲೇಜಿಗೆ ಪ್ರಾಂಶುಪಾಲನಾಗಿ 1873ರಲ್ಲಿ ಬಂದಿಳಿದವನು ಡೈಯರನೇ. ಕಾದಂಬರಿಯಲ್ಲಿ ಬಂದಿದ್ದರೆ ಅತಿಯಾಯಿತೆಂದು ಓದುಗರು ದೂರಬಹುದಾದ ಈ ಮರುಭೇಟಿ ಚರಿತ್ರೆಯಲ್ಲಿ ನಿಜವಾಗಿ ನಡೆದದ್ದು.

ಆಗ ಡೈಯರನಿಗೆ 24 ವರ್ಷ. ಜಪಾನಿಗೆ ಬರುವ ಹಡಗಿನಲ್ಲೇ ಕುಳಿತು ಅವನು ಸಿದ್ಧಪಡಿಸಿದ ಆರು ವರ್ಷಗಳ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ವರ್ಷದ ಒಂದು ಭಾಗವನ್ನು ತರಗತಿಯಲ್ಲೂ ಇನ್ನೊಂದು ಭಾಗವನ್ನು ಪ್ರಾಯೋಗಿಕ ಕೆಲಸದಲ್ಲೂ ಕಳೆದು, ಕೊನೆಯ ಎರಡು ವರ್ಷ ಸಂಪೂರ್ಣವಾಗಿ ಕಾಮಗಾರಿಯ ಸ್ಥಳದಲ್ಲಿಯೇ ಇರಬೇಕಾಗಿತ್ತು. ಗ್ಲಾಸ್ಗೋದಲ್ಲಿ ಬಡ ಹುಡುಗನೊಬ್ಬ ಹಗಲು-ಸಂಜೆಗಳನ್ನು ತಾನೇ ಹೊಲಿದು ಜೋಡಿಸಿಕೊಂಡಿದ್ದ ಬದುಕನ್ನು ಟೋಕಿಯೋದಲ್ಲಿ ಒಂದು ಸರ್ಕಾರ ಪದವಿಯ ನಿಯಮವನ್ನಾಗಿ ಮಾಡಿತು.

ತಾನಾಬೆ ಕ್ಯೋಟೋಗೆ ಬಂದದ್ದು ಆ ಪ್ರಾಯೋಗಿಕ ವರ್ಷಗಳಲ್ಲಿಯೇ. ಅಳತೆಯ ಕೆಲಸದಲ್ಲಿ ಅವನ ಬಲಗೈಗೆ ಪೆಟ್ಟಾದ ಕಾರಣ ನಕ್ಷೆಗಳನ್ನು ಎಡಗೈಯಲ್ಲಿ ಬರೆದು ಪ್ರಬಂಧ ಮುಗಿಸಿದನೆಂಬುದು ಅವನ ಜೀವನ ಚರಿತ್ರೆಯ ಪ್ರಸಿದ್ಧ ಭಾಗ. ರಾಜಧಾನಿ ಟೋಕಿಯೋಗೆ ಹೋದ ಮೇಲೆ ಸೊರಗಿಹೋಗಿದ್ದ ಕ್ಯೋಟೋವನ್ನು ಮತ್ತೆ ಚೇತರಿಸಬೇಕೆಂದು ಹಂಬಲಿಸುತ್ತಿದ್ದ ಅಲ್ಲಿನ ಗವರ್ನರ್ ಕಿತಾಗಾಕಿ ಕುನಿಮಿಚಿಗೆ ಸ್ಥಳವನ್ನು ಕಾಲಿನಿಂದ ಅಳೆದು ಬಲ್ಲ ಎಂಜಿನಿಯರ್ ಬೇಕಿದ್ದನು. ಆ ಎಂಜಿನಿಯರ್ ಇನ್ನೂ ವಿದ್ಯಾರ್ಥಿಯಾಗಿದ್ದನೆಂಬುದು ಅವನಿಗೆ ಅಡ್ಡಿಯೆನಿಸಲಿಲ್ಲ. ಈ ಗವರ್ನರನ ಧೈರ್ಯಕ್ಕೆ ಚರಿತ್ರೆಯ ಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಸ್ಥಳ ಸಲ್ಲಬೇಕು. 1885ರಲ್ಲಿ ಕೆಲಸ ಆರಂಭವಾಗಿ 1890ರಲ್ಲಿ ಕಾಲುವೆ ಪೂರ್ಣಗೊಂಡಿತು. ಅದರ 2,436 ಮೀಟರ್ ಉದ್ದದ ಮೊದಲ ಸುರಂಗ ಆಗ ಜಪಾನಿನಲ್ಲೇ ಅತಿ ಉದ್ದವಾದದ್ದು, ಮತ್ತು ಅದನ್ನು ಎರಡು ತುದಿಗಳಿಂದ ಮಾತ್ರವಲ್ಲದೆ ಬೆಟ್ಟದ ಮೇಲಿನಿಂದ ಬಾವಿಯಂತೆ ಇಳಿಸಿದ ಗುಂಡಿಯ ತಳದಿಂದಲೂ ಕೊರೆಯಲಾಯಿತು.

ಇಲ್ಲಿ ಕೋರ್ಸಿನ ಕಥೆಯನ್ನು ಸ್ವಲ್ಪ ಬದಿಗಿಟ್ಟು ನೀರಿನ ಹಿಂದೆ ಹೋಗುವುದು ಅನಿವಾರ್ಯ. ಮೂಲ ಯೋಜನೆಯ ಪ್ರಕಾರ ಕಾಲುವೆಯ ನೀರು ನೀರುಚಕ್ರಗಳನ್ನು ತಿರುಗಿಸಬೇಕಿತ್ತು. ಆದರೆ ಕಾಮಗಾರಿಯ ನಡುವೆ ಅಮೆರಿಕಕ್ಕೆ ಹೋದ ತಾನಾಬೆ, ಕೊಲೊರಾಡೋದ ಆ್ಯಸ್ಪೆನ್ ಎಂಬ ಗಣಿ ಊರಿನಲ್ಲಿ ನೀರಿನಿಂದ ವಿದ್ಯುತ್ ಉತ್ಪಾದಿಸುವುದನ್ನು ಕಂಡು ಬಂದು, ಅರ್ಧ ಕಟ್ಟಿದ ಯೋಜನೆಯನ್ನೇ ಬದಲಿಸಿದನು. ಹೀಗೆ 1891ರಲ್ಲಿ ಕೆಆಗೆ ವಿದ್ಯುದಾಗಾರ ಆರಂಭವಾಯಿತು, 1895ರಲ್ಲಿ ಅದರ ವಿದ್ಯುತ್ತಿನಿಂದ ಕ್ಯೋಟೋದ ಬೀದಿಗಳಲ್ಲಿ ಟ್ರಾಮ್ ಓಡಿತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಈ ಎರಡರ ನಡುವೆ, 1898ರಲ್ಲಿ, ಆಗ ಮುಂಬಯಿ ಪ್ರಾಂತದ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರು ಜಪಾನ್ ಪ್ರವಾಸ ಮಾಡಿ, ಅಲ್ಲಿನ ಶಿಕ್ಷಣ ಮತ್ತು ಕೈಗಾರಿಕೆಗಳ ಬೆಳವಣಿಗೆಯನ್ನು ಮುಂದೆ ತಮ್ಮ ಬರಹಗಳಲ್ಲಿ ಮಾದರಿಯಾಗಿ ಎತ್ತಿ ತೋರಿಸಿದರು. ಅವರು ದಿವಾನರಾಗಿದ್ದ 1917ರಲ್ಲಿ ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು.

ಇಷ್ಟೆಲ್ಲ ಸಾಧಿಸಿದ ಪಠ್ಯಕ್ರಮದ ಕರ್ತೃವಿಗೆ ತವರಿನಲ್ಲಿ ಸಿಕ್ಕಿದ್ದೇನು? 1882ರಲ್ಲಿ ಹಿಂತಿರುಗಿದ ಡೈಯರ್ ಗ್ಲಾಸ್ಗೋ ವಿಶ್ವವಿದ್ಯಾಲಯದ ನೌಕಾನಿರ್ಮಾಣ ಪೀಠಕ್ಕೆ ಅರ್ಜಿ ಹಾಕಿದರೂ ಅದು ಅವನಿಗೆ ದೊರೆಯಲಿಲ್ಲ. ಒಂದು ದೇಶದ ಎಂಜಿನಿಯರುಗಳ ಮೊದಲ ತಲೆಮಾರನ್ನೇ ತರಬೇತುಗೊಳಿಸಿದವನನ್ನು ಹೀಗೆ ಕೈಬಿಟ್ಟದ್ದು ಆ ವಿಶ್ವವಿದ್ಯಾಲಯಕ್ಕಾದ ದೊಡ್ಡ ನಷ್ಟವೆಂದೇ ಹೇಳಬೇಕು.

ಅಮೆರಿಕದ ಪ್ರಯೋಗಕ್ಕೂ ಸ್ವಾಗತ ಬಿಗಿಯಾಗಿಯೇ ಇತ್ತು. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಇಂಥದೇ ಯೋಜನೆಯನ್ನು ಮುಂದಿಟ್ಟಾಗ ಆಡಳಿತ ಮಂಡಳಿ ಒಂದೇ ವರ್ಷದ ಮಟ್ಟಿಗೆ ಅನುಮತಿ ನೀಡಿ, ಸೋತರೆ ಅದರ ಹೊಣೆ ತನ್ನದಲ್ಲವೆಂದು ಠರಾವಿನಲ್ಲೇ ಬರೆಸಿತು. 1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ ಶುರುವಾದ ಆ ವ್ಯವಸ್ಥೆಯಲ್ಲಿ ಒಂದು ಕೆಲಸಕ್ಕೆ ಇಬ್ಬರು: ಒಬ್ಬ ಯಂತ್ರದ ಮುಂದೆ ಇರುವಾಗ ಇನ್ನೊಬ್ಬ ತರಗತಿಯಲ್ಲಿ, ಮುಂದಿನ ವಾರ ಅದಲುಬದಲು. ಭಾರತದಲ್ಲಿ ಪಿಲಾನಿಯ ಬಿಟ್ಸ್ 1973ರಿಂದ 'ಪ್ರಾಕ್ಟೀಸ್ ಸ್ಕೂಲ್' ಹೆಸರಿನಲ್ಲಿ ಉದ್ಯಮದ ಅವಧಿಯನ್ನು ಪದವಿಯೊಳಗೆ ಸೇರಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಅಪ್ರೆಂಟಿಸ್ ಕಾಯ್ದೆ ಎಂಜಿನಿಯರಿಂಗ್ ಪದವೀಧರರನ್ನೂ ಒಳಗೊಂಡಿತಾದರೂ, ಆ ತರಬೇತಿ ಸಿಗುವುದು ಪದವಿ ಮುಗಿದ ಮೇಲೆ. ಕಾರ್ಖಾನೆಯಲ್ಲಿ ಹುಟ್ಟಿದ ಪ್ರಶ್ನೆಗಳನ್ನು ಹೊತ್ತು ಮತ್ತೆ ತರಗತಿಗೆ ಬಂದು ಕೂರುವ ಅವಕಾಶ ಅದರಲ್ಲಿಲ್ಲ.

ತಾನಾಬೆ ಮುಂದೆ ಪ್ರಾಧ್ಯಾಪಕನಾದನು. ಅವನು ಎಡಗೈಯಲ್ಲಿ ನಕ್ಷೆ ಬರೆದ ಆ ಕಾಲುವೆಯ ನೀರನ್ನು ಕ್ಯೋಟೋದ ಜನ ಇಂದಿಗೂ ಕುಡಿಯುತ್ತಿದ್ದಾರೆ.